ಟೀಚರ್ ಸಂಬಳ ಯಾರ ಜೇಬಿನಿಂದ ಬರುತ್ತದೆ? ಒಮ್ಮೆ ಮಿಕ್ಸಿ ಬಿಲ್ಲು ನೋಡಿ

ಪ್ರಶ್ನೆ: “ಸರ್, ಸರ್ಕಾರಿ ಶಾಲೆ ಟೀಚರ್‌ಗಳು ಮುಷ್ಕರ ಮಾಡಿ ಸಂಬಳ ಜಾಸ್ತಿ ಮಾಡಿಸಿಕೊಳ್ಳುತ್ತಾರೆ. ನಮ್ಮ ಸಂಬಳದಲ್ಲಿ ಇನ್‌ಕಮ್ ಟ್ಯಾಕ್ಸ್ ಹಿಡಿದುಕೊಂಡು ಅವರಿಗೆ ಕೊಡುತ್ತಾರೆ. ಟ್ಯಾಕ್ಸ್ ಕಟ್ಟುವವರು ನಾವು ನಾಲ್ಕೇ ಜನ. ಆ ಶಾಲೆಗೆ ಹೋಗುವುದು ಟ್ಯಾಕ್ಸೇ ಕಟ್ಟದವರ ಮಕ್ಕಳು. ಇದು ಯಾವ ನ್ಯಾಯ?”

ಈ ಪ್ರಶ್ನೆ ನನಗೆ ಹೊಸದಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಮಾಡಿದಾಗ ಕೇಳಿದರು. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗ ಮತ್ತೆ ಕೇಳಿದರು. ಅತಿಥಿ ಶಿಕ್ಷಕರು ಧರಣಿ ಕೂತಾಗಲೆಲ್ಲ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಹಾಕಿ ಉಪ್ಪು ಬಡಿಸುವ ಮೊದಲೇ ಪಕ್ಕದವರು ಶುರು ಮಾಡಿದ್ದೂ ಉಂಟು. ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಪ್ರತಿ ಸಲವೂ ಉತ್ತರ ಹೇಳಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮುಷ್ಕರದ ಭಾಗವನ್ನು ಮೊದಲು ಮುಗಿಸಿಬಿಡೋಣ. ಮಾರ್ಚ್ 1ರ ಮುಷ್ಕರ ಅನಿರ್ದಿಷ್ಟಾವಧಿ ಅಂತ ಶುರುವಾಯಿತು. ಮೂಲ ವೇತನದ ಮೇಲೆ 17% ಮಧ್ಯಂತರ ಪರಿಹಾರ ಕೊಡುವ ಆದೇಶ ಬಂದದ್ದೇ ಅವತ್ತೇ ವಾಪಸ್ ಪಡೆದರು. ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ, ತಮಿಳುನಾಡಿನ ಪ್ರಕರಣದಲ್ಲಿ. ಆದರೂ ಮುಷ್ಕರಗಳು ನಡೆಯುತ್ತವೆ, ಮಾತುಕತೆಯಲ್ಲಿ ಮುಗಿಯುತ್ತವೆ. ಅದು ಸರಿಯೋ ತಪ್ಪೋ ಅಂತ ನೀವು ಎಷ್ಟು ಬೇಕಾದರೂ ವಾದ ಮಾಡಿ. ನನ್ನ ತಕರಾರು ಇರುವುದು ನಿಮ್ಮ ಎರಡನೇ ವಾಕ್ಯದ ಮೇಲೆ.

ನಿಮ್ಮ ಸಂಬಳದಲ್ಲಿ ಹಿಡಿಯುವ ಇನ್‌ಕಮ್ ಟ್ಯಾಕ್ಸ್ ವಿಧಾನಸೌಧಕ್ಕೆ ಬರುವುದಿಲ್ಲ. ಅದು ಹೋಗುವುದು ದೆಹಲಿಗೆ. ಅಲ್ಲಿಂದ ರಾಜ್ಯಗಳಿಗೆ ಎಷ್ಟು ಹಂಚಬೇಕು ಅಂತ ಹಣಕಾಸು ಆಯೋಗ ಹೇಳುತ್ತದೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಆಯೋಗ ಹೇಳಿದ್ದು 41%. ಹಂಚಬಹುದಾದ ಪ್ರತಿ 100 ರೂಪಾಯಿಯಲ್ಲಿ 41 ರೂಪಾಯಿ ಎಲ್ಲ ರಾಜ್ಯಗಳಿಗೂ ಸೇರಿ. ಆ 41ರಲ್ಲಿ ಕರ್ನಾಟಕದ ಪಾಲು 3.647% ಇತ್ತು. ಅದಕ್ಕೂ ಹಿಂದಿನ ಆಯೋಗದಲ್ಲಿ 4.713% ಇತ್ತು, ಇಳಿಯಿತು.

ಈಗ ಪೆನ್ನು ತಗೊಂಡು ಲೆಕ್ಕ ಹಾಕಿ. 41ಕ್ಕೆ 3.647% ಅಂದರೆ ಸುಮಾರು ಒಂದೂವರೆ ರೂಪಾಯಿ. ದೇಶದ ಯಾವ ಮೂಲೆಯಲ್ಲಿ ಕಟ್ಟಿದ 100 ರೂಪಾಯಿ ಇನ್‌ಕಮ್ ಟ್ಯಾಕ್ಸ್ ಆದರೂ ಅಷ್ಟೇ, ಆ ಅವಧಿಯಲ್ಲಿ ಕರ್ನಾಟಕದ ಖಜಾನೆಗೆ ಪಾಲಾಗಿ ಬಂದದ್ದು ಒಂದೂವರೆ ರೂಪಾಯಿ. ಆ ಒಂದೂವರೆ ರೂಪಾಯಿಯೂ ಆಸ್ಪತ್ರೆ, ಪೊಲೀಸ್, ನೀರಾವರಿ, ಪಿಂಚಣಿ ಎಲ್ಲದಕ್ಕೂ ಆಗಬೇಕಿತ್ತು. ಅದರಲ್ಲಿ ಟೀಚರ್ ಪಾಲು ಎಷ್ಟು ಪೈಸೆ ಅಂತ ನೀವೇ ಯೋಚಿಸಿ.

ಹಾಗಾದರೆ ಸಂಬಳ ಎಲ್ಲಿಂದ ಬರುತ್ತದೆ?

ಪಾಠ ಮಾಡುತ್ತಿದ್ದಾಗ ಮಕ್ಕಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಮನೆಯಲ್ಲಿರುವ ಯಾವುದಾದರೂ ಬಿಲ್ಲು ತನ್ನಿ, ಹಳೆಯದಾದರೂ ಪರವಾಗಿಲ್ಲ. 2018ರ ದೀಪಾವಳಿ ಮುಗಿದ ಮೇಲೆ ಒಬ್ಬ ಹುಡುಗಿ ಮಿಕ್ಸಿ ಬಿಲ್ಲು ತಂದಳು. ಅವಳಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ವಾರಂಟಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಮಿಕ್ಸಿ ಬೆಲೆ 2,500. ಕೆಳಗೆ ಸಿಜಿಎಸ್‌ಟಿ 9%, 225 ರೂಪಾಯಿ. ಅದರ ಕೆಳಗೆ ಎಸ್‌ಜಿಎಸ್‌ಟಿ 9%, 225 ರೂಪಾಯಿ. ಒಟ್ಟು 2,950.

“ನಿಮ್ಮಮ್ಮ ಟ್ಯಾಕ್ಸ್ ಕಟ್ಟುತ್ತಾರಾ?” ಅಂದೆ. “ಇಲ್ಲ ಸರ್, ಅವರಿಗೆ ಅಷ್ಟೆಲ್ಲ ಸಂಬಳ ಇಲ್ಲ” ಅಂದಳು. ಬಿಲ್ಲನ್ನು ಅವಳ ಕೈಗೇ ಕೊಟ್ಟು ಕೆಳಗಿನ ಎರಡು ಸಾಲು ಗಟ್ಟಿಯಾಗಿ ಓದಿಸಿದೆ. ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು. ಎರಡೂ ಸೇರಿ 450 ರೂಪಾಯಿ. ಆಗ ಅವರಮ್ಮನ ಒಂದು ದಿನದ ಕೂಲಿ ಅಷ್ಟಿರಲಿಲ್ಲ.

ಆ ಬಿಲ್ಲಿನಲ್ಲಿ ಸಿ ಅಂದರೆ ಸೆಂಟ್ರಲ್, ಕೇಂದ್ರ; ಎಸ್‌ ಅಂದರೆ ಸ್ಟೇಟ್, ರಾಜ್ಯ. ಆ 225 ರೂಪಾಯಿ ಹಂಚಿಕೆಗೆ ಹೋಗುವುದಿಲ್ಲ, ಪೂರ್ತಿ ಕರ್ನಾಟಕಕ್ಕೇ. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೆ ಬಿಲ್ಲಿನಲ್ಲಿ ಎಸ್‌ಜಿಎಸ್‌ಟಿ 2.5%. ಮೊಬೈಲ್ ರೀಚಾರ್ಜ್ ಮಾಡಿಸಿದರೆ 9%. ಆ ಹುಡುಗಿಯ ತಾಯಿಯೂ ರೀಚಾರ್ಜ್ ಮಾಡಿಸುತ್ತಾರೆ, ನೀವೂ ಮಾಡಿಸುತ್ತೀರಿ. ದರದಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ.

ಪೆಟ್ರೋಲ್ ಜಿಎಸ್‌ಟಿಗೆ ಸೇರಿಲ್ಲ. ಅದಕ್ಕೆ ರಾಜ್ಯದ ಮಾರಾಟ ತೆರಿಗೆ ಬೇರೆ. 2024ರ ಜೂನ್‌ನಲ್ಲಿ ಅದನ್ನು 25.92%ನಿಂದ 29.84%ಗೆ ಏರಿಸಿದರು. ಬಂಕಿನಲ್ಲಿ ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತಲ್ಲ, ಅದು ಇದೇ. ಮನೆಮನೆಗೆ ಊಟ ತಲುಪಿಸುವ ಹುಡುಗ ಗಾಡಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ 20 ರೂಪಾಯಿಗೂ ಜಾಸ್ತಿ ರಾಜ್ಯಕ್ಕೆ ಕಟ್ಟುತ್ತಾನೆ. ಅವನನ್ನು ಯಾರೂ ತೆರಿಗೆದಾರ ಅಂತ ಕರೆಯುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ.

ಬಜೆಟ್ ಪುಸ್ತಕವನ್ನೇ ನೋಡಿ. 2025-26ರಲ್ಲಿ ರಾಜ್ಯದ ಸ್ವಂತ ತೆರಿಗೆಯ ಅಂದಾಜು 2,08,100 ಕೋಟಿ. ಅದರಲ್ಲಿ ಜಿಎಸ್‌ಟಿ, ಪೆಟ್ರೋಲ್ ತೆರಿಗೆ ಎಲ್ಲ ಸೇರುವ ವಾಣಿಜ್ಯ ತೆರಿಗೆ 1,20,000 ಕೋಟಿ. ಅಬಕಾರಿ, ಅಂದರೆ ಹೆಂಡದಿಂದ, 40,000 ಕೋಟಿ. ಮನೆ, ಸೈಟು, ಜಮೀನು ರಿಜಿಸ್ಟರ್ ಮಾಡಿಸುವಾಗಿನ ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ. ವಾಹನ ತೆರಿಗೆ 15,000 ಕೋಟಿ. ಇನ್ನು ದೆಹಲಿಯಿಂದ ಬರುವ ತೆರಿಗೆ ಪಾಲು 51,877 ಕೋಟಿ. ಅದು ಕೂಡ ಬರೀ ಇನ್‌ಕಮ್ ಟ್ಯಾಕ್ಸ್ ಅಲ್ಲ. ಕಂಪನಿ ತೆರಿಗೆ, ಕಸ್ಟಮ್ಸ್ ಸುಂಕ, ಆ ಮಿಕ್ಸಿಯ ಸಿಜಿಎಸ್‌ಟಿ ಎಲ್ಲ ಕಲೆತ ಮೊತ್ತ. ಶಿಕ್ಷಣಕ್ಕೆ ಆ ವರ್ಷ ರಾಜ್ಯ ಎತ್ತಿಟ್ಟದ್ದು 45,286 ಕೋಟಿ.

ಇಷ್ಟು ಹೇಳಿದ ಮೇಲೂ ಒಬ್ಬರು ಎದ್ದು ನಿಲ್ಲುತ್ತಾರೆ. “ಎಲ್ಲ ಒಂದೇ ಕಣಜಕ್ಕೆ ಬೀಳುತ್ತದೆ ಅಂದ ಮೇಲೆ ನನ್ನ ರಾಗಿ ಯಾವುದು, ಅವರ ರಾಗಿ ಯಾವುದು ಅಂತ ಹೇಗೆ ಹೇಳ್ತೀರಿ?” ಸರಿಯಾದ ಮಾತು. ಹೇಳಕ್ಕಾಗಲ್ಲ. ಅದಕ್ಕೇ “ನನ್ನ ದುಡ್ಡಿನಲ್ಲಿ ಅವರ ಮಕ್ಕಳು ಓದುತ್ತಾರೆ” ಅನ್ನುವ ಮಾತೂ ನಿಲ್ಲುವುದಿಲ್ಲ. ಕಣಜಕ್ಕೆ ಎಲ್ಲರೂ ಸುರಿದಿದ್ದಾರೆ. ದೊಡ್ಡ ಸಂಬಳದವರು ಖರ್ಚು ಜಾಸ್ತಿ ಮಾಡುತ್ತಾರೆ, ಹಾಗಾಗಿ ಜಾಸ್ತಿ ಸುರಿಯುತ್ತಾರೆ, ಒಪ್ಪುತ್ತೇನೆ. ಆದರೆ ಗಳಿಕೆಯಲ್ಲಿ ಎಷ್ಟು ಭಾಗ ಅಂತ ನೋಡಿದರೆ ಕತೆ ತಿರುಗುತ್ತದೆ. ಬಂದದ್ದನ್ನೆಲ್ಲ ಖರ್ಚು ಮಾಡಲೇಬೇಕಾದ ಮನೆಯಲ್ಲಿ ಎಷ್ಟೋ ಖರ್ಚುಗಳಿಗೆ ತೆರಿಗೆ ಅಂಟಿಕೊಂಡಿರುತ್ತದೆ. ಉಳಿಸಿ ಎಫ್‌ಡಿ ಇಡುವವರ ಉಳಿತಾಯಕ್ಕೆ ಜಿಎಸ್‌ಟಿ ಇಲ್ಲ.

ನಿಮ್ಮ ಇನ್‌ಕಮ್ ಟ್ಯಾಕ್ಸ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಸೈನ್ಯ, ರೈಲು, ರಾಷ್ಟ್ರೀಯ ಹೆದ್ದಾರಿ, ಕೇಂದ್ರೀಯ ವಿದ್ಯಾಲಯದ ಟೀಚರ್‌ಗಳ ಸಂಬಳ ಎಲ್ಲ ಕೇಂದ್ರದ ಖಜಾನೆಯಿಂದಲೇ. ಇನ್ನೊಂದು ಮರೆಯಬೇಡಿ. ಸಂಬಳ ತೆರಿಗೆಯ ಮಿತಿ ದಾಟಿದರೆ ಸರ್ಕಾರಿ ಶಾಲೆಯ ಟೀಚರ್ ಕೂಡ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಾರೆ. ಬಟವಾಡೆಗೆ ಮುಂಚೆಯೇ ಹಿಡಿದುಕೊಳ್ಳುತ್ತಾರೆ, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ವೃತ್ತಿ ತೆರಿಗೆ ಬೇರೆ ಹಿಡಿಯುತ್ತಾರೆ. ಅದು ನೇರ ರಾಜ್ಯಕ್ಕೆ.

ಸಂಬಳ ಏರಿಕೆಯ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಏಳನೇ ವೇತನ ಆಯೋಗದ ಶಿಫಾರಸು ಜಾರಿ ಮಾಡಿದ್ದಕ್ಕೆ ವರ್ಷಕ್ಕೆ 20,208 ಕೋಟಿ ಜಾಸ್ತಿ ಖರ್ಚು ಅಂತ ಸರ್ಕಾರವೇ ಹೇಳಿತು. ಟೀಚರ್‌ಗಳಿಗೆ ಮಾತ್ರ ಅಲ್ಲ, ಎಲ್ಲ ಇಲಾಖೆಯವರಿಗೂ ಸೇರಿ. ಅಷ್ಟು ದುಡ್ಡು ಹೊಂದಿಸಲು ತೆರಿಗೆ ಏರಿಸಬೇಕು, ಇಲ್ಲವೇ ಸಾಲ ಮಾಡಬೇಕು, ಇಲ್ಲವೇ ಬೇರೆಲ್ಲೋ ಖರ್ಚು ಬಿಗಿ ಹಿಡಿಯಬೇಕು. ಹಿಡಿಯುವುದು ಎಲ್ಲಿ? ನಾನು ಕಂಡ ಹಾಗೆ, ಖಾಲಿ ಹುದ್ದೆ ತುಂಬುವುದರಲ್ಲಿ. ಆ ಜಾಗಕ್ಕೆ ಜೂನ್‌ನಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷದ ಕೊನೆಗೆ ಹೋಗುತ್ತಾರೆ. 2025-26ರ ಬಜೆಟ್‌ನಲ್ಲಿ ಅವರ ಗೌರವಧನಕ್ಕೆ 2,000 ಸೇರಿಸಿದರು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000 ಆಯಿತು. ಏಳನೇ ಆಯೋಗದ ಪ್ರಕಾರ ರಾಜ್ಯ ಸರ್ಕಾರದ ಕಾಯಂ ನೌಕರರ ಕನಿಷ್ಠ ಮೂಲ ವೇತನವೇ 27,000. ಬಿ.ಎಡ್, ಡಿ.ಎಡ್ ಮುಗಿಸಿ, ಅದೇ ಪಾಠ ಮಾಡಿ, ಅದೇ ಹಾಜರಿ ಪುಸ್ತಕ ಬರೆಯುವವರು ಇವರು. ವೇತನ ಆಯೋಗ ಇವರಿಗೆ ಅನ್ವಯಿಸುವುದಿಲ್ಲ. ಇವರು ರಸ್ತೆಗೆ ಬಂದಾಗ “ಮತ್ತೆ ಶುರು ಮಾಡಿದರು ಟೀಚರ್‌ಗಳು” ಅಂತ ದಯವಿಟ್ಟು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಸಂಬಳದಲ್ಲಿ ಹಿಡಿದ ಟ್ಯಾಕ್ಸಿನ ಲೆಕ್ಕಕ್ಕೆ ಕಂಪನಿ ಕೊಡುವ ಫಾರ್ಮ್ 16 ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಮತ್ತು ಶಿಕ್ಷಣ ಸೆಸ್ 4% ಅಂತ ಇರುತ್ತದೆ, ಅಂದರೆ ತೆರಿಗೆಯ ಮೇಲೊಂದು ತೆರಿಗೆ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅಂತ 2% ಶುರುವಾಯಿತು. 2007ರಲ್ಲಿ ಇನ್ನೊಂದು 1% ಸೇರಿತು. 2018ರಲ್ಲಿ ಆರೋಗ್ಯವನ್ನೂ ಸೇರಿಸಿ 4% ಮಾಡಿದರು. ಹೆಸರಿನಲ್ಲೇ ಶಿಕ್ಷಣ ಇದೆ, ಹಾಗಾಗಿ ಟೀಚರ್ ಸಂಬಳ ಇದರಿಂದಲೇ ಅಂತ ಬಹಳ ಜನ ನಂಬಿದ್ದಾರೆ. ಆದರೆ ಸೆಸ್ ರಾಜ್ಯಗಳ ಜೊತೆ ಹಂಚಿಕೊಳ್ಳುವ ಲೆಕ್ಕಕ್ಕೇ ಬರುವುದಿಲ್ಲ. ನಾನು ಮೇಲೆ ಹೇಳಿದ ಒಂದೂವರೆ ರೂಪಾಯಿ ಕೂಡ ಇದರಲ್ಲಿ ಇಲ್ಲ. ದೆಹಲಿ ಅದನ್ನು ತನ್ನ ಯೋಜನೆಗಳಿಗೆ ಬಳಸುತ್ತದೆ. ಶಾಲೆಯ ಮಟ್ಟದಲ್ಲಿ ಮುಖ್ಯವಾದವು ಸಮಗ್ರ ಶಿಕ್ಷಣ ಮತ್ತು ಬಿಸಿಯೂಟ. ಸಮಗ್ರ ಶಿಕ್ಷಣದಲ್ಲಿ ಕೆಲವು ಹುದ್ದೆಗಳ ಸಂಬಳಕ್ಕೂ ಒಂದಷ್ಟು ಸಿಗುತ್ತದೆ. ಆದರೆ ಅದು ಪುಕ್ಕಟೆ ಬರುವ ದುಡ್ಡಲ್ಲ. ಕೇಂದ್ರ 60 ಕೊಟ್ಟರೆ ರಾಜ್ಯ 40 ಹಾಕಬೇಕು. ಆ 40 ಮತ್ತೆ ಬರಬೇಕಾದದ್ದು ಬಂಕಿನಿಂದ, ಹೋಟೆಲ್ ಬಿಲ್ಲಿನಿಂದ, ಆ ಗಾರ್ಮೆಂಟ್ಸ್ ತಾಯಿ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಮಿಕ್ಸಿ ಬಿಲ್ಲಿನಿಂದ.