ತುಂಬಿದ ಗಾಡಿ ಇಳಿಯುವ ದಾರಿ: ಬಳ್ಳಾರಿ ಗಣಿಗಳಲ್ಲಿ ಯಂತ್ರದ ಆಯ್ಕೆ ಮತ್ತು ಅಪಾಯ

ಬಳ್ಳಾರಿ ಜಿಲ್ಲೆಯ ಸಂಡೂರಿನ ಕಬ್ಬಿಣದ ಅದಿರು ಬೆಟ್ಟದ ನೆತ್ತಿಯಲ್ಲಿದೆ. ಹೀಗಾಗಿ ಇಲ್ಲಿ ಖಾಲಿ ಗಾಡಿ ಏರುತ್ತದೆ, ತುಂಬಿದ ಗಾಡಿ ಇಳಿಯುತ್ತದೆ. ಆಳದ ಗುಂಡಿಯಿಂದ ಅದಿರನ್ನು ಮೇಲಕ್ಕೆ ಸಾಗಿಸುವ ಗಣಿಗಳಲ್ಲಿ ಎಂಜಿನ್ನಿನ ಬಲಕ್ಕೆ ಮೊದಲ ಸ್ಥಾನವಾದರೆ, ಇಲ್ಲಿ ಆ ಸ್ಥಾನ ಬ್ರೇಕಿನದು. ಈ ಭಾಗದ ಗಣಿಗಾರಿಕೆಯ ಬಗ್ಗೆ ಪರವಾನಗಿ, ರಾಜಧನ, ನ್ಯಾಯಾಲಯಗಳ ದಿಕ್ಕಿನಿಂದ ಸಾಕಷ್ಟು ಬರೆಯಲಾಗಿದೆ. ಯಂತ್ರಗಳ ದಿಕ್ಕಿನಿಂದ ಬರೆದದ್ದು ಕಡಿಮೆ. ಆದರೆ ಕಾರ್ಮಿಕನ ತಲೆಯ ಮೇಲಿನ ಅಪಾಯದ ದೊಡ್ಡ ಪಾಲು, ಯಂತ್ರವನ್ನು ಕೊಳ್ಳುವ ಅಥವಾ ಬಾಡಿಗೆಗೆ ಗೊತ್ತುಮಾಡುವ ದಿನವೇ ತೀರ್ಮಾನವಾಗಿರುತ್ತದೆ.

ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯ ನೆಲದಡಿಯ ಚಿನ್ನದ ಗಣಿ ಇದಕ್ಕೊಂದು ಉದಾಹರಣೆ. ಅಲ್ಲಿ ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಸೀಳಿಸಿ ಚಿನ್ನ ತೆಗೆದಿದ್ದರು. 1947ರಲ್ಲಿ ಕಂಪನಿ ಸ್ಥಾಪನೆಯಾಗಿ ಆಧುನಿಕ ಗಣಿಗಾರಿಕೆ ನೆಲೆಗೊಂಡಿತು. ಬೆಣಚುಕಲ್ಲನ್ನು ಒಣಗಿದ್ದಂತೆಯೇ ಕೊರೆಯುವ ಜಾಕ್‌ಹ್ಯಾಮರ್ ಎಬ್ಬಿಸುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಕೊರೆಯುವ ಸಲಾಕೆಯೊಳಗೇ ನೀರು ಹರಿಸುವ ಉಪಕರಣವಿದ್ದರೆ ಅದೇ ಧೂಳು ಕೆಸರಾಗಿ ಕಾಲ ಬುಡಕ್ಕೆ ಇಳಿಯುತ್ತದೆ. ಅದಿರು ತುಂಬುವ ಡೀಸೆಲ್ ಲೋಡರ್ ಇಳಿಸಿದರೆ ಕೈಕೆಲಸ ತಪ್ಪುತ್ತದೆ ನಿಜ, ಆದರೆ ಅದರ ಹೊಗೆಯನ್ನು ಹೊರಗಟ್ಟುವಷ್ಟು ಗಾಳಿಯನ್ನೂ ಗಣಿಯೊಳಕ್ಕೆ ಕಳಿಸಬೇಕಾಗುತ್ತದೆ.

ಸಂಡೂರಿನ ಬೆಟ್ಟಗಳಲ್ಲಿ ದಶಕಗಳ ಕಾಲ ಅದಿರು ತೆಗೆದದ್ದು ಹಾರೆ, ಸುತ್ತಿಗೆ, ಬುಟ್ಟಿಗಳಿಂದ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಆ ಕಾಲದ ಗುರುತು ಉಳಿದಿದೆ: ಸಡಿಲ ಅದಿರನ್ನು ಕೈಯಿಂದ ಅಗೆಯುವಾಗ ಬೆಂಚಿನ, ಅಂದರೆ ಮೆಟ್ಟಿಲಿನಂತೆ ಕಡಿದ ಹಂತದ, ಎತ್ತರ 1.5 ಮೀಟರ್ ಮೀರಕೂಡದು. ನಿಂತ ಮನುಷ್ಯನ ತಲೆಗಿಂತ ಕೆಳಗೇ ಉಳಿಯುವ ಅಳತೆ ಅದು. ಬೆಂಚು ಕುಸಿದರೂ ಆಳು ಹೂತುಹೋಗಬಾರದೆಂಬ ಕಾಳಜಿ ಆ ಅಂಕಿಯಲ್ಲಿದೆ ಎಂದು ನನಗನ್ನಿಸುತ್ತದೆ.

1964ರಲ್ಲಿ ಸರ್ಕಾರಿ ಯಂತ್ರ ತಯಾರಿಕಾ ಕಂಪನಿ ಬಿಇಎಂಎಲ್ ಸ್ಥಾಪನೆಯಾಗಿ ದೇಶದಲ್ಲೇ ಭಾರೀ ಯಂತ್ರಗಳು ತಯಾರಾಗತೊಡಗಿದವು. 1977ರಲ್ಲಿ ಸಂಡೂರು ಭಾಗದ ದೋಣಿಮಲೆಯಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಯಾಂತ್ರೀಕೃತ ಗಣಿ ಆರಂಭವಾಯಿತು. ಅಳತೆಗೋಲು ಆಗ ಮನುಷ್ಯನ ದೇಹದಿಂದ ಯಂತ್ರದ ದೇಹಕ್ಕೆ ಸರಿಯಿತು. ಬೆಂಚಿನ ಎತ್ತರವನ್ನು ಅಗೆಯುವ ಯಂತ್ರದ ಬಕೆಟ್ ತಲುಪುವ ಎತ್ತರವೂ, ರಸ್ತೆಯ ಅಗಲವನ್ನು ಅಲ್ಲಿ ಓಡುವ ಅತಿ ದೊಡ್ಡ ವಾಹನದ ಅಗಲವೂ, ಅಂಚಿನ ಮಣ್ಣಿನ ಒಡ್ಡಿನ ಎತ್ತರವನ್ನು ಆ ವಾಹನದ ಟೈರೂ ನಿರ್ಧರಿಸುತ್ತವೆ. ಆದ್ದರಿಂದಲೇ ಒಂದು ಯಂತ್ರಕ್ಕೆಂದು ರೂಪಿಸಿದ ಗಣಿಗೆ ಇನ್ನೊಂದನ್ನು ತಂದರೆ ಗಣಿಯ ನಕ್ಷೆಯೇ ತಪ್ಪಾಗುತ್ತದೆ.

2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಆದದ್ದು ಬಹುಮಟ್ಟಿಗೆ ಇದೇ. ಡಾಂಬರು ರಸ್ತೆಗೆಂದು ತಯಾರಾದ ಟಿಪ್ಪರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬೆಟ್ಟ ಹತ್ತಿದವು. ಗಣಿಗೆಂದೇ ತಯಾರಾದ ದೊಡ್ಡ ಡಂಪರ್‌ನಲ್ಲಿ ಇಳಿಜಾರಿನಲ್ಲಿ ವೇಗವನ್ನು ಹಿಡಿದಿಡುವ ರಿಟಾರ್ಡರ್ ಇರುತ್ತದೆ. ಸಾಮಾನ್ಯ ಟಿಪ್ಪರ್ ಹೆಚ್ಚಾಗಿ ನೆಚ್ಚುವುದು ಚಕ್ರದ ಡ್ರಮ್ ಬ್ರೇಕನ್ನು. ಹೊರೆ ಹೊತ್ತು ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ತುಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಹೆಚ್ಚುವರಿ ಲೋಡು ಹಾಕಿದ್ದರೆ ಆ ಗಳಿಗೆ ಇನ್ನೂ ಬೇಗ ಬರುತ್ತದೆ. ಗಾಡಿ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ಗಣಿ ಮತ್ತೊಬ್ಬರದು ಆದಾಗ ಲೈನರ್ ಬದಲಿಸುವ ಹೊಣೆ ಯಾರ ಹೆಗಲಿಗೂ ಬೀಳುವುದಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಎಣಿಸುವ ಚಾಲಕನಿಗೆ ಗಾಡಿ ನಿಲ್ಲಿಸಿ ಡ್ರಮ್ ತಣಿಸಿಕೊಳ್ಳುವುದೇ ನಷ್ಟ. ಹೀಗಾಗುವ ಅಪಘಾತವನ್ನು ಚಾಲಕನ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಹಾಳಾದ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆಗಳೊಂದಿಗೆ, ವಾರ್ಷಿಕ ಉತ್ಪಾದನೆಯ ಮಿತಿಯೊಳಗೆ ಕೆಲಸ ಮಾಡಬೇಕಾಯಿತು. ಆ ಮಿತಿ 2022ರಲ್ಲಿ ಬಳ್ಳಾರಿಗೆ 35 ದಶಲಕ್ಷ ಟನ್‌ಗೆ ಏರಿದೆ. ಅಷ್ಟು ಅದಿರು ಯಾವುದರ ಮೇಲೆ ಇಳಿಯುತ್ತದೆ ಎಂಬುದು ಈಗಿನ ಪ್ರಶ್ನೆ.

ಸಂಡೂರು ಭಾಗದಿಂದ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆಗೆ ಕನ್ವೇಯರ್, ಅಂದರೆ ಅದಿರು ಸಾಗಿಸುವ ಓಡುವ ಬೆಲ್ಟು, ಬಂದಿರುವುದು ಈ ಪ್ರಶ್ನೆಗೆ ಸಿಕ್ಕಿರುವ ಒಂದು ಉತ್ತರ. ಬೆಲ್ಟನ್ನೇ ಕೊಳವೆಯಂತೆ ಸುತ್ತಿ ಸಾಗಿಸುವ ಈ ವಿಧಾನದಲ್ಲಿ ಧೂಳು ಕಡಿಮೆ, ಲಾರಿಗಳೂ ಕಡಿಮೆ. ಆದರೆ ಅದಿರು ಹೊತ್ತು ಇಳಿಯುವ ಬೆಲ್ಟಿಗೂ ಬ್ರೇಕು ಬೇಕು. ಓಡುತ್ತಿರುವ ಬೆಲ್ಟಿನ ರೋಲರ್ ಬಳಿ ಅಂಟಿದ ಅದಿರನ್ನು ಕೆರೆಯಲು ಹೋದ ಕೈಯನ್ನು ಅದು ಒಳಕ್ಕೆ ಸೆಳೆಯುತ್ತದೆ. ಆಗ ಎಳೆಯಲೆಂದು ಪಕ್ಕದುದ್ದಕ್ಕೂ ಕಟ್ಟಿರುವ ಹಗ್ಗ ನಿಜವಾಗಿಯೂ ಬೆಲ್ಟನ್ನು ನಿಲ್ಲಿಸುತ್ತದೆಯೇ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿರಬೇಕು.