ಲಸಿಕೆ ಬಂತು, ದಿನ ಉಳಿದಿರಲಿಲ್ಲ: ಕೋವ್ಯಾಕ್ಸ್ ನಡೆದುಬಂದ ದಾರಿ

2021ರ ಮೇ ತಿಂಗಳಲ್ಲಿ ಮಲಾವಿಯ ರಾಜಧಾನಿ ಲಿಲಾಂಗ್ವೆಯ ದೊಡ್ಡಾಸ್ಪತ್ರೆಯಲ್ಲಿ ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯ 19,610 ಡೋಸ್‌ಗಳನ್ನು ಸುಟ್ಟು ಹಾಕಿದರು. ಬಡ ದೇಶವೊಂದು ಸಿಕ್ಕ ಲಸಿಕೆಯನ್ನು ಹಾಳುಮಾಡಿತು ಎಂದೇ ಆ ಸುದ್ದಿ ಎಲ್ಲೆಡೆ ಹರಡಿತು. ಲೆಕ್ಕ ನೋಡಿದರೆ ಬೇರೆಯದೇ ಕಾಣುತ್ತದೆ. ಆಫ್ರಿಕನ್ ಒಕ್ಕೂಟದ ಮೂಲಕ ಆ 1,02,000 ಡೋಸ್‌ಗಳು ಮಲಾವಿ ತಲುಪಿದ್ದು ಮಾರ್ಚ್ 26ಕ್ಕೆ. ಸೀಸೆಗಳ ಮೇಲಿದ್ದ ಕೊನೆಯ ದಿನಾಂಕ ಏಪ್ರಿಲ್ 13. ಸಿಕ್ಕಿದ್ದು 18 ದಿನ. ಅಷ್ಟರಲ್ಲೇ ಅಲ್ಲಿನ ಆರೋಗ್ಯ ಸಿಬ್ಬಂದಿ ಐದರಲ್ಲಿ ನಾಲ್ಕು ಪಾಲನ್ನು ಜನರಿಗೆ ಕೊಟ್ಟು ಮುಗಿಸಿದ್ದರು.

ದೇಶದೇಶಗಳ ನಡುವೆ ಲಸಿಕೆ ಹಂಚಿಕೊಳ್ಳುವ ವಿಚಾರ ಹೊಸದಲ್ಲ. ಸಿಡುಬನ್ನು ಇಡೀ ಜಗತ್ತಿನಿಂದ ಓಡಿಸಬೇಕೆಂದು ಸೋವಿಯತ್ ಒಕ್ಕೂಟ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆಯಾದ ವಿಶ್ವ ಆರೋಗ್ಯ ಅಸೆಂಬ್ಲಿಯ ಮುಂದಿಟ್ಟಿದ್ದು 1958ರಲ್ಲಿ, ಕಾರ್ಯಕ್ರಮ ಬಿರುಸಾದದ್ದು 1967ರಲ್ಲಿ, ರೋಗ ನಿರ್ಮೂಲವಾಯಿತೆಂದು ಘೋಷಿಸಿದ್ದು 1980ರಲ್ಲಿ. ಶೀತಲ ಸಮರದ ಎರಡೂ ಬಣಗಳು ಅದರಲ್ಲಿ ಕೈಜೋಡಿಸಿದ್ದವು. ಸೋವಿಯತ್ ಲಸಿಕೆ ಭಾರತಕ್ಕೂ ಬಂತು. ಜೊತೆಗೆ ದೇಶದೊಳಗೆ ತಯಾರಿಕೆ ಶುರುವಾದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಒಂದು. ಊರಿನವರು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಆ ಜಾಗವನ್ನು ಗುರುತಿಸುತ್ತಾರೆ. ಒಣಪುಡಿಯ ರೂಪದಲ್ಲಿದ್ದ ಆ ಲಸಿಕೆ 37 ಡಿಗ್ರಿ ಸೆಖೆಯಲ್ಲೂ ಒಂದು ತಿಂಗಳು ಕೆಡುತ್ತಿರಲಿಲ್ಲ. ಅದರ ಮೇಲೆ ಯಾರ ಪೇಟೆಂಟೂ ಇರಲಿಲ್ಲ. ಈ ಎರಡು ಅನುಕೂಲಗಳು ಮುಂದೆ ಒಟ್ಟಿಗೆ ಸಿಗಲೇ ಇಲ್ಲ.

2007ರಲ್ಲಿ ಇಂಡೊನೇಷ್ಯಾ ಹಕ್ಕಿಜ್ವರದ ವೈರಸ್ ಮಾದರಿಗಳನ್ನು ಕೊಡುವುದಿಲ್ಲ ಎಂದಿತು. ನಮ್ಮ ಮಾದರಿಯಿಂದ ಮಾಡಿದ ಲಸಿಕೆ ನಮ್ಮ ಕೈಗೆಟುಕುವುದಿಲ್ಲ ಎಂಬುದು ಅದರ ತಕರಾರು, ಮತ್ತು ಅದು ನ್ಯಾಯವಾದ ತಕರಾರು. 2009ರ ಎಚ್1ಎನ್1 ಹೊತ್ತಿಗೆ ಶ್ರೀಮಂತ ದೇಶಗಳು ಮುಂಗಡ ಕೊಟ್ಟು ಉತ್ಪಾದನೆಯ ಬಹುಪಾಲನ್ನು ಕಾಯ್ದಿರಿಸಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ 77 ದೇಶಗಳಿಗೆ 7.8 ಕೋಟಿ ಡೋಸ್ ಸಿಕ್ಕಿತಾದರೂ ಅಷ್ಟರಲ್ಲಿ ಸೋಂಕಿನ ಅಲೆ ಇಳಿದಿತ್ತು. 2011ರಲ್ಲಿ ಒಂದು ಹಂಚಿಕೆ ಚೌಕಟ್ಟು ರೂಪುಗೊಂಡಿತು. ಅದು ಇನ್‌ಫ್ಲುಯೆಂಜಾಗೆ ಮಾತ್ರ ಅನ್ವಯ. ಕೊರೊನಾ ವೈರಸ್ ಬಂದಾಗ ಕೈಯಲ್ಲಿ ಯಾವ ನಿಯಮವೂ ಇರಲಿಲ್ಲ.

ಆ ಖಾಲಿ ಜಾಗ ತುಂಬಲು 2020ರಲ್ಲಿ, ಎಲ್ಲ ದೇಶಗಳಿಗೂ ಕೋವಿಡ್ ಲಸಿಕೆ ತಲುಪಿಸುವ ಯೋಜನೆಯಾಗಿ ಕೋವ್ಯಾಕ್ಸ್ ಹುಟ್ಟಿತು. ಬಡ ದೇಶಗಳಿಗೆ ಲಸಿಕೆ ಒದಗಿಸುವ ಒಕ್ಕೂಟ ಗಾವಿ, ಹೊಸ ಲಸಿಕೆಗಳ ಸಂಶೋಧನೆಗೆ ಹಣ ಕೊಡುವ ಕೂಟ ಸೆಪಿ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕಟ್ಟಿದ್ದು. ಸಾಗಣೆ ಯುನಿಸೆಫ್ ಹೊಣೆ. ಎಲ್ಲ ದೇಶಗಳೂ ಒಂದೇ ಗಂಟಿಗೆ ಹಣ ಹಾಕಿ ಒಟ್ಟಿಗೆ ಕೊಳ್ಳುವುದು, ಕೊಳ್ಳಲಾಗದ 92 ದೇಶಗಳಿಗೆ ದಾನಿಗಳ ಹಣದಲ್ಲಿ ಕೊಡುವುದು, ಮೊದಲ ಹಂತದಲ್ಲಿ ಪ್ರತಿ ದೇಶದ ಶೇ 20 ಜನರಿಗೆ ತಲುಪಿಸುವುದು, 2021 ಮುಗಿಯುವುದರೊಳಗೆ 200 ಕೋಟಿ ಡೋಸ್ ಹಂಚುವುದು ಯೋಜನೆಯ ಸಾರ. ಯೋಚನೆ ಸರಿಯಾಗಿಯೇ ಇತ್ತು. ಆದರೆ ಗಂಟಿಗೆ ಹಣ ಬೀಳುವ ಹೊತ್ತಿಗೆ ಉಳ್ಳ ದೇಶಗಳು ಕಂಪನಿಗಳೊಡನೆ ನೇರ ಕರಾರು ಮಾಡಿಕೊಂಡಾಗಿತ್ತು. ಸರದಿಯಲ್ಲಿ ಕೋವ್ಯಾಕ್ಸ್ ಹಿಂದೆ ಬಿತ್ತು. 92 ದೇಶಗಳ ಆರಂಭದ ಪಾಲು ಹೆಚ್ಚಾಗಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಒಂದನ್ನೇ ನೆಚ್ಚಿಕೊಂಡಿತು.

2021ರ ಫೆಬ್ರುವರಿ 24ರಂದು ಪುಣೆಯಲ್ಲಿ ತಯಾರಾದ 6 ಲಕ್ಷ ಡೋಸ್ ಘಾನಾದ ಅಕ್ರಾದಲ್ಲಿ ಇಳಿಯಿತು. ಅದು ಕೋವ್ಯಾಕ್ಸ್‌ನ ಮೊದಲ ಸರಕು. ಒಂದು ತಿಂಗಳಲ್ಲಿ ಭಾರತದಲ್ಲಿ ಎರಡನೇ ಅಲೆ ಎದ್ದಿತು, ರಫ್ತು ನಿಂತಿತು. ಮನೆಮಂದಿ ಆಮ್ಲಜನಕಕ್ಕಾಗಿ ಅಲೆಯುತ್ತಿದ್ದಾಗ ಯಾವ ಸರ್ಕಾರವೂ ಬೇರೆ ತೀರ್ಮಾನ ಮಾಡುವುದು ಕಷ್ಟ. ಅದಕ್ಕೂ ಮುಂಚೆ ದೇಣಿಗೆ, ಮಾರಾಟ, ಕೋವ್ಯಾಕ್ಸ್ ಎಲ್ಲ ಸೇರಿ ಸುಮಾರು 6.6 ಕೋಟಿ ಡೋಸ್ ಭಾರತದಿಂದ ಹೊರಗೆ ಹೋಗಿತ್ತು. ಪೆಟ್ಟು ಬಿದ್ದದ್ದು ಮೊದಲ ಡೋಸ್ ಹಾಕಿಸಿಕೊಂಡು ಕಾಯುತ್ತಿದ್ದವರಿಗೆ. ನೇಪಾಳದಲ್ಲಿ ಮಾರ್ಚ್‌ನಲ್ಲಿ ಕೋವಿಶೀಲ್ಡ್ (ಪುಣೆಯಲ್ಲಿ ತಯಾರಾಗುತ್ತಿದ್ದ ಆಸ್ಟ್ರಾಜೆನೆಕಾ ಲಸಿಕೆ) ಪಡೆದ, 65 ದಾಟಿದ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಎರಡನೇ ಡೋಸ್ ಇಲ್ಲವಾಯಿತು. ಆಗಸ್ಟ್‌ನಲ್ಲಿ ಜಪಾನ್ ಕಳಿಸಿದ ಸುಮಾರು 16 ಲಕ್ಷ ಡೋಸ್ ಬರುವ ತನಕ ಆ ಹಿರಿಯರು ಕಾದರು. ಪುಣೆಯಿಂದ ಕೋವ್ಯಾಕ್ಸ್‌ಗೆ ಸರಬರಾಜು ಮತ್ತೆ ಶುರುವಾದದ್ದು ನವೆಂಬರ್ ಕೊನೆಗೆ.

ಈ ನಡುವೆ ಶುರುವಾದದ್ದು, ಶ್ರೀಮಂತ ದೇಶಗಳು ತಮ್ಮಲ್ಲಿ ಮಿಕ್ಕ ಲಸಿಕೆ ಕೊಡುವ ದೇಣಿಗೆಯ ಕಾಲ. ಗೊಂದಲ ಹೆಚ್ಚು ಇರುವುದೂ ಇಲ್ಲೇ.

ಕೋವಿಶೀಲ್ಡ್ ಮೊದಲು ಬಂದಾಗ ಅದರ ಆಯಸ್ಸು ತಯಾರಾದ ದಿನದಿಂದ 6 ತಿಂಗಳು, ಅಂದರೆ 26 ವಾರ. ಗುಣಮಟ್ಟದ ಪರೀಕ್ಷೆ ಮುಗಿದು ಕಾರ್ಖಾನೆ ಬಿಡುವಷ್ಟರಲ್ಲೇ ಕೆಲವು ವಾರ ಕಳೆದಿರುತ್ತದೆ. ಇಂಥ ಲಸಿಕೆ ಕೊಂಡ ದೇಶದ ಉಗ್ರಾಣದಲ್ಲಿ ‘ನಮಗೇ ಬೇಕಾಗಬಹುದು’ ಎಂದು ಕೂತು, ಬೇಡವೆಂದು ಖಚಿತವಾದ ಮೇಲೆ ಹೊರಡುತ್ತದೆ. ಅಡ್ಡಪರಿಣಾಮವಾದರೆ ಪರಿಹಾರದ ಹೊಣೆ ಯಾರದೆಂಬ ಕರಾರು, ಆಮದು ಪರವಾನಗಿ, ಕಸ್ಟಮ್ಸ್ ದಾಟಿ, ಕೇಂದ್ರ ಉಗ್ರಾಣದಿಂದ ಜಿಲ್ಲೆಗೆ, ಅಲ್ಲಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಎರಡು ಡೋಸ್‌ಗಳ ನಡುವೆ 8ರಿಂದ 12 ವಾರ ಅಂತರ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಸಲಹೆ. 8 ವಾರವಷ್ಟೇ ಉಳಿದ ಸರಕಿನಿಂದ ಎರಡನೇ ಡೋಸ್ ಕೊಡುವ ಮಾತೇ ಇಲ್ಲ.

ಫೈಜರ್ ಲಸಿಕೆಯ ಕಷ್ಟ ಬೇರೆ ಬಗೆಯದು. ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಸಾಮಾನ್ಯ ಫ್ರಿಜ್ಜಿಗೆ ಇಳಿಸಿದ ದಿನದಿಂದ ಮೊದಲು 5 ದಿನ, ನಿಯಮ ಸಡಿಲವಾದ ಮೇಲೆ 31 ದಿನ. ಆರಂಭದ ಸೀಸೆಯಲ್ಲಿದ್ದದ್ದು 0.45 ಮಿಲಿ ಲಸಿಕೆ. ಅದಕ್ಕೆ 1.8 ಮಿಲಿ ಸಲೈನ್ ಬೆರೆಸಿ, ತಲಾ 0.3 ಮಿಲಿಯಂತೆ ಆರು ಡೋಸ್ ತೆಗೆಯಬೇಕು. ಸೂಜಿ ಮತ್ತು ಸಿರಿಂಜಿನ ಸಂದಿಯಲ್ಲಿ ದ್ರವ ಉಳಿಯುವಂಥ ಮಾಮೂಲಿ ಸಿರಿಂಜಿನಲ್ಲಿ ಆರನೆಯ ಡೋಸ್ ಬರುವುದೇ ಇಲ್ಲ. ಮಕ್ಕಳ ಲಸಿಕಾ ಕಾರ್ಯಕ್ರಮಗಳಲ್ಲಿ ದಾಸ್ತಾನಿರುವುದು ಹೆಚ್ಚಾಗಿ 0.5 ಮಿಲಿಯ ಸಿರಿಂಜ್. ಲಸಿಕೆ ದೇಣಿಗೆ ಕೊಟ್ಟು 0.3 ಮಿಲಿಯ ಸಿರಿಂಜ್ ಕೊಡದಿದ್ದರೆ ಪೆಟ್ಟಿಗೆಗಳು ಉಗ್ರಾಣದಲ್ಲೇ ಕೂರುತ್ತವೆ.

ಕೊನೆಯ ಹಂತದಲ್ಲಿ ಎಲ್ಲವೂ ಒಬ್ಬ ನರ್ಸಿನ ಮೇಜಿಗೆ ಬರುತ್ತದೆ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್. ಸಂರಕ್ಷಕ ರಾಸಾಯನಿಕ ಇಲ್ಲದ ಕಾರಣ ಒಮ್ಮೆ ಚುಚ್ಚಿದರೆ ನಾಳೆಗೆ ಇಡುವಂತಿಲ್ಲ. ಭಾರತದ ಆಗಿನ ನಿಯಮದಲ್ಲಿ ನಾಲ್ಕೇ ಗಂಟೆ. ಬೆಟ್ಟದ ಹಳ್ಳಿಗೆ ಆರು ಜನ ಬಂದರೆ ಸೀಸೆ ತೆರೆದು ನಾಲ್ಕು ಡೋಸ್ ಚೆಲ್ಲುವುದೋ, ಆರೂ ಜನರನ್ನು ವಾಪಸ್ ಕಳಿಸುವುದೋ? ಮೂರು ತಾಸು ನಡೆದು ಬಂದವರನ್ನು ಕಳಿಸಿದರೆ ಅವರು ಮತ್ತೆ ಬರುವುದು ಅಪರೂಪ. ತೆರೆಯುವುದೇ ಸರಿ. ಹಾಗೆ ತೆರೆದದ್ದೆಲ್ಲ ವರದಿಯಲ್ಲಿ ‘ಪೋಲು’ ಎಂದು ದಾಖಲಾಗುತ್ತದೆ.

2021ರ ಡಿಸೆಂಬರ್‌ನಲ್ಲಿ ನೈಜೀರಿಯಾ 10 ಲಕ್ಷಕ್ಕೂ ಹೆಚ್ಚು ಡೋಸ್ ನಾಶಪಡಿಸಿ, ಅಲ್ಪ ಅವಧಿಯ ದೇಣಿಗೆ ಇನ್ನು ಬೇಡ ಎಂದಿತು. ಆ ಒಂದೇ ತಿಂಗಳಲ್ಲಿ ಬಡ ದೇಶಗಳು 10 ಕೋಟಿಗೂ ಹೆಚ್ಚು ಡೋಸ್‌ಗಳನ್ನು ನಿರಾಕರಿಸಿದ್ದಾಗಿ ಯುನಿಸೆಫ್ ತಿಳಿಸಿತು. ಮುಖ್ಯ ಕಾರಣ ಕೊನೆಯ ದಿನಾಂಕ. ಅದಕ್ಕೂ ಕೆಲವೇ ದಿನ ಮೊದಲು, ನವೆಂಬರ್ 29ರಂದು, ಆಫ್ರಿಕಾದ ಸಂಸ್ಥೆಗಳೂ ಕೋವ್ಯಾಕ್ಸ್ ಕೂಡ ಸೇರಿ ದಾನಿಗಳ ಮುಂದೆ ಷರತ್ತು ಇಟ್ಟಿದ್ದವು: ದೇಶ ತಲುಪುವಾಗ ಕನಿಷ್ಠ 10 ವಾರ ಉಳಿದಿರಬೇಕು, 4 ವಾರ ಮುಂಚೆ ತಿಳಿಸಬೇಕು, ಸಿರಿಂಜ್ ಮತ್ತು ಬೆರೆಸುವ ದ್ರಾವಣ ಜೊತೆಗೇ ಬರಬೇಕು. ಒಂದು ವರ್ಷ ಮೊದಲೇ ಬರೆದುಕೊಳ್ಳಬೇಕಿದ್ದ ಮಾತುಗಳಿವು.

ಪೇಟೆಂಟ್ ಸಡಿಲಿಸಲು ಭಾರತ, ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ಕೇಳಿದ್ದಕ್ಕೆ ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನ್‌ನಲ್ಲಿ ಭಾಗಶಃ ಒಪ್ಪಿತು. ಅಷ್ಟರಲ್ಲಿ ಕೊರತೆ ಹೋಗಿ ದಾಸ್ತಾನು ಹೆಚ್ಚಾಗಿತ್ತು. ಕೋವ್ಯಾಕ್ಸ್ 100 ಕೋಟಿ ಮುಟ್ಟಿದ್ದು 2022ರ ಜನವರಿಯಲ್ಲಿ. 2023ರ ಡಿಸೆಂಬರ್ 31ಕ್ಕೆ ಮುಚ್ಚುವಾಗ ಒಟ್ಟು ಸುಮಾರು 200 ಕೋಟಿ.

2025ರ ಮೇ 20ರಂದು ವಿಶ್ವ ಆರೋಗ್ಯ ಅಸೆಂಬ್ಲಿ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ಹಿಂದಿನ ದಿನ ಅದರ ಸಮಿತಿಯಲ್ಲಿ ನಡೆದ ಮತದಾನದಲ್ಲಿ 124 ದೇಶಗಳು ಪರ, ವಿರೋಧ ಯಾವುದೂ ಇಲ್ಲ, 11 ತಟಸ್ಥ. ಮುಂದಿನ ಮಹಾಮಾರಿಯಲ್ಲಿ ವ್ಯವಸ್ಥೆಗೆ ಸೇರಿದ ತಯಾರಕರು ಉತ್ಪಾದನೆ ನಡೆಯುತ್ತಿರುವಾಗಲೇ ಅದರ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡಬೇಕು, ಒಟ್ಟು ಉತ್ಪಾದನೆಯ ಕನಿಷ್ಠ ಶೇ 10ರಷ್ಟು ದೇಣಿಗೆಯಾಗಿ ಎಂಬುದು ಗುರಿ. ಮಿಕ್ಕು ಉಳಿದದ್ದನ್ನಲ್ಲ, ತಯಾರಾಗುತ್ತಿದ್ದಂತೆಯೇ ಪಾಲು ಕೊಡಬೇಕೆಂಬ ಈ ಮಾತು 2021ರ ಪಾಠದಿಂದ ಬಂದದ್ದು. ಇಂಡೊನೇಷ್ಯಾ ಎತ್ತಿದ್ದ ಪ್ರಶ್ನೆಯೂ, ಅಂದರೆ ವೈರಸ್ ಮಾದರಿ ಕೊಟ್ಟವರಿಗೆ ಏನು ಸಿಗಬೇಕೆಂಬುದೂ, ಇದೇ ಭಾಗದಲ್ಲಿದೆ. ಅದರ ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಲಾಯಿತು. ಅನುಬಂಧವನ್ನು ಅಸೆಂಬ್ಲಿ ಒಪ್ಪಿದ ಮೇಲಷ್ಟೇ ಒಪ್ಪಂದ ಸಹಿಗೆ ತೆರೆದುಕೊಳ್ಳುತ್ತದೆ. ಜಾರಿಗೆ ಬರಲು 60 ದೇಶಗಳ ಅನುಮೋದನೆ ಬೇಕು.