ಹರಾಜಿನ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ನೆಟ್ ಸಿಗೋದಿಲ್ಲ, ಯಾಕೆ?

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ನಮ್ಮದು ಟೊಮೆಟೊ ಮಂಡಿ. ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ವೈಫೈ ರೂಟರ್ ಇವೆ. ಸೀಸನ್‌ನಲ್ಲಿ ಹರಾಜು ಜೋರಾದ ಮೇಲೆ ಅಕೌಂಟೆಂಟ್ ಬರುತ್ತಾರೆ, ಅವರ ಲ್ಯಾಪ್‌ಟಾಪ್‌ಗೆ ಮಾತ್ರ ನೆಟ್ ಸಿಗುವುದಿಲ್ಲ. ಬೆಳಗ್ಗೆಯೇ ಆನ್ ಆದವಕ್ಕೆ ಏನೂ ತೊಂದರೆ ಇಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಆದರೆ ಆಮೇಲೆ ಒಮ್ಮೊಮ್ಮೆ ಬಿಲ್ ಪ್ರಿಂಟ್ ಆಗುವುದಿಲ್ಲ. ಏನು ಮಾಡೋದು?

ಉತ್ತರ: ಉಳಿದ ಕಂಪ್ಯೂಟರ್‌ಗಳಲ್ಲಿ ನೆಟ್ ಓಡುತ್ತಿದೆ ಅಂದಮೇಲೆ ಹೊರಗಿನ ಲೈನ್ ಮೇಲೆ ಅನುಮಾನ ಬೇಡ. ಹಂಚುವುದಕ್ಕೆ ನಿಮ್ಮ ರೂಟರ್ ಹತ್ತಿರ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ಗೆ ಸೇರುವ ಪ್ರತಿ ಕಂಪ್ಯೂಟರ್‌ಗೂ ಫೋನ್‌ಗೂ ಬೇಕಾಗುವ ನಂಬರ್, ಖಾಲಿಯಾಗಿರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ಸಲ ಹೀಗಾದಾಗ ರೂಟರ್ ಮುಟ್ಟಬೇಡಿ. ಮುಟ್ಟಿದರೆ ಕಾರಣ ಮುಚ್ಚಿಹೋಗುತ್ತದೆ. ಮೊದಲು ಆ ಲ್ಯಾಪ್‌ಟಾಪ್‌ನ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ, ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಕೊಡಿ. ವೈಫೈ ಭಾಗದಲ್ಲಿ ಕಾಣುವ ಅಡ್ರೆಸ್ 169.254 ಅಂತ ಶುರುವಾದರೆ, ಲ್ಯಾಪ್‌ಟಾಪ್ ಅಡ್ರೆಸ್ ಕೇಳಿದೆ, ಯಾರೂ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಆ ಅಡ್ರೆಸ್‌ನಿಂದ ಇಂಟರ್ನೆಟ್‌ಗೆ ಹೋಗೋಕೆ ಆಗಲ್ಲ. ಅದೇ ಹೊತ್ತಿಗೆ ಹೊಸದಾಗಿ ಸೇರಿಸಿದ ಮೊಬೈಲ್ ಕೂಡ ‘ಅಬ್ಟೇನಿಂಗ್ ಐಪಿ ಅಡ್ರೆಸ್’ ಎನ್ನುವಲ್ಲೇ ನಿಂತುಬಿಟ್ಟರೆ ಅನುಮಾನ ಗಟ್ಟಿಯಾಯಿತು.

ಅಡ್ರೆಸ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ರೂಟರ್‌ನಲ್ಲಿ ಇದಕ್ಕೊಂದು ಮಿತಿ ಇಟ್ಟಿರುತ್ತಾರೆ. ಉದಾಹರಣೆಗೆ 192.168.1.100ರಿಂದ 199ರವರೆಗೆ, ಅಂದರೆ ಒಟ್ಟು 100 ಅಡ್ರೆಸ್. ನಾಲ್ಕು ಕಂಪ್ಯೂಟರ್‌ಗೆ ಇದು ಧಾರಾಳ. ಆದರೆ ಸೀಸನ್‌ನಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್ ಯಾರ್ಯಾರ ಹತ್ತಿರ ಇರುತ್ತದೆ? ಮಾಲು ತಂದ ರೈತರು, ಖರೀದಿದಾರರ ಕಡೆಯವರು, ಲಾರಿ ಡ್ರೈವರ್‌ಗಳು. ಒಮ್ಮೆ ಸೇರಿಸಿದ ಫೋನ್ ಮುಂದಿನ ಸಲ ಹತ್ತಿರ ಬಂದರೆ ತಾನಾಗಿಯೇ ಸೇರಿಕೊಳ್ಳುತ್ತದೆ.

ಅವರೆಲ್ಲ ಒಟ್ಟಿಗೆ ಇರುವುದಿಲ್ಲ, ಅರ್ಧ ಗಂಟೆಯಲ್ಲಿ ಹೊರಡುತ್ತಾರೆ, ನಿಜ. ಆದರೆ ರೂಟರ್ ಅಡ್ರೆಸ್ ಕೊಡುವಾಗ ಅವಧಿಯನ್ನೂ ಗೊತ್ತು ಮಾಡುತ್ತದೆ. ಇದನ್ನು ಲೀಸ್ ಟೈಮ್ ಅನ್ನುತ್ತಾರೆ. ಬಹಳಷ್ಟು ಸಣ್ಣ ರೂಟರ್‌ಗಳಲ್ಲಿ ಇದು 24 ಗಂಟೆ. ಲಾರಿ ಮುಳಬಾಗಿಲು ದಾಟಿದ್ದರೂ ಡ್ರೈವರ್ ಫೋನಿನ ಹೆಸರಲ್ಲಿ ಆ ಅಡ್ರೆಸ್ ನಾಳೆವರೆಗೆ ಹಾಗೇ ಇರುತ್ತದೆ, ಬಸ್ ಸೀಟಿಗೆ ಟವೆಲ್ ಹಾಕಿ ಹೋದ ಹಾಗೆ. ಬೆಳಗ್ಗೆಯೇ ಬಂದವರಿಗೆ ಜಾಗ ಇರುತ್ತದೆ, ತಡವಾಗಿ ಬಂದ ಅಕೌಂಟೆಂಟ್‌ಗೆ ಇಲ್ಲ.

ಬ್ರೌಸರ್‌ನಲ್ಲಿ ತೆರೆಯುವ ರೂಟರ್ ಸೆಟ್ಟಿಂಗ್ಸ್ ಪುಟದಲ್ಲಿ ‘ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್’ ತೆರೆದು ನೋಡಿ. ಪಟ್ಟಿ ತುಂಬಿದ್ದರೆ ಮಂಡಿ ಮುಚ್ಚಿದ ಮೇಲೆ ಎರಡು ಬದಲಾವಣೆ ಮಾಡಿ. ಲೀಸ್ ಟೈಮ್ 2 ಗಂಟೆಗೆ ಇಳಿಸಿ. ಅರ್ಧ ಅವಧಿ ಕಳೆಯುತ್ತಲೇ ಕಂಪ್ಯೂಟರ್‌ಗಳು ತಾವಾಗಿ ನವೀಕರಿಸಿಕೊಳ್ಳುತ್ತವೆ, ಹಾಗಾಗಿ ನಿಮ್ಮ ಕೆಲಸ ನಿಲ್ಲುವುದಿಲ್ಲ. ಆಮೇಲೆ ಮಿತಿಯನ್ನು 50ರಿಂದ 250ರವರೆಗೆ ಹಿಗ್ಗಿಸಿ. ಬರುವವರಿಗೆ ಬೇರೆ ಗೆಸ್ಟ್ ವೈಫೈ ಕೊಡುವುದು ಒಳ್ಳೆಯದೇ. ನಿಮ್ಮ ಲೆಕ್ಕಪತ್ರ ಇರುವ ಕಂಪ್ಯೂಟರ್‌ಗಳ ಜತೆ ಅವರ ಫೋನ್‌ಗಳು ಸೇರಬಾರದು. ಆದರೆ ಎಷ್ಟೋ ರೂಟರ್‌ಗಳಲ್ಲಿ ಗೆಸ್ಟ್ ವೈಫೈಗೂ ಅದೇ ಅಡ್ರೆಸ್‌ಗಳೇ ಹೋಗುತ್ತವೆ. ಅದೊಂದರಿಂದಲೇ ಸಮಸ್ಯೆ ಬಗೆಹರಿಯಿತು ಅಂದುಕೊಳ್ಳಬೇಡಿ.

ಇನ್ನು ಪ್ರಿಂಟರ್. ಆಫ್ ಮಾಡಿದಾಗ ಹಲವು ರೂಟರ್‌ಗಳು ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೆ ಅನ್ನುವುದನ್ನೇ ಮರೆಯುತ್ತವೆ. ಅದಕ್ಕೇ ಲ್ಯಾಪ್‌ಟಾಪ್‌ಗೆ ತಕ್ಷಣ ಜಾಗ ಸಿಗುವುದು. ಪ್ರಿಂಟರ್‌ಗೆ ಹಿಂದೆ ಯಾರಾದರೂ ಕೈಯಾರೆ 192.168.1.105 ಅಂತ ಅಡ್ರೆಸ್ ಹಾಕಿಟ್ಟಿದ್ದರೆ, ಅದು ರೂಟರ್‌ಗೆ ಗೊತ್ತೇ ಇರುವುದಿಲ್ಲ. ಅದನ್ನೇ ಒಂದು ಫೋನ್‌ಗೂ ಕೊಟ್ಟುಬಿಡಬಹುದು. ಪರೀಕ್ಷೆ ಸುಲಭ. ಪ್ರಿಂಟ್ ನಿಂತಾಗ ಪ್ರಿಂಟರ್ ಆಫ್ ಮಾಡಿ, ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ ಅಂತ ಬರೆದು ಅದರ ಅಡ್ರೆಸ್ ಕೊಡಿ. ಆಫ್ ಆದ ಪ್ರಿಂಟರ್ ಅಡ್ರೆಸ್‌ನಿಂದ ಉತ್ತರ ಬಂತಾ? ಹಾಗಾದರೆ ಅಲ್ಲಿ ಬೇರೆ ಯಾರೋ ಕೂತಿದ್ದಾರೆ.

ಪ್ರಿಂಟರ್‌ನ ಐಪಿ ಸೆಟ್ಟಿಂಗ್ ಅನ್ನು ಆಟೋಮ್ಯಾಟಿಕ್‌ಗೆ ಹಾಕಿ. ಅದರ ಮ್ಯಾಕ್ ಅಡ್ರೆಸ್, ಅಂದರೆ ತಯಾರಕರು ಹಾಕಿರುವ ಗುರುತಿನ ಸಂಖ್ಯೆ, ಸಾಮಾನ್ಯವಾಗಿ ಹಿಂಭಾಗದ ಸ್ಟಿಕ್ಕರ್ ಮೇಲೋ ಸೆಟ್ಟಿಂಗ್ಸ್‌ನಲ್ಲೋ ಸಿಗುತ್ತದೆ. ರೂಟರ್‌ನ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಅದನ್ನು ಬರೆದು 105 ಅನ್ನು ಪ್ರಿಂಟರ್‌ಗೇ ಮೀಸಲಿಡಿ. ರೂಟರ್ ಎಷ್ಟು ಸಲ ಆಫ್ ಆದರೂ ಅದು ಬದಲಾಗುವುದಿಲ್ಲ.

ಅಡ್ರೆಸ್ 169.254 ಅಲ್ಲದೆ, 192.168.0 ಥರ ನಿಮ್ಮದಲ್ಲದ ಸಾಲಿನಲ್ಲಿ ಬಂದರೆ ಕಥೆ ಬೇರೆ. ಒಳಗಿನ ಕೋಣೆಗೆ ಸಿಗ್ನಲ್ ಬರಲಿ ಅಂತ ಯಾರೋ ಹಳೇ ರೂಟರ್ ಚುಚ್ಚಿರಬಹುದು. ಅದೂ ಅಡ್ರೆಸ್ ಹಂಚುತ್ತಿದೆ. ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2 ಕೊಟ್ಟು, ಕೇಬಲ್ ಅನ್ನು ಅದರ ಲ್ಯಾನ್ ಪೋರ್ಟ್‌ಗೆ ಹಾಕಿ. ಆಮೇಲೆ ಲ್ಯಾಪ್‌ಟಾಪ್‌ನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು, ಸರಿಯಾದ ಅಡ್ರೆಸ್ ಬರುತ್ತದೆ.